ಹಣಿ, ಸಾಣೆ, ಮಸೆ

ಶಿಕಾರಿಪುರದಿಂದ ಶಿರಾಳಕೊಪ್ಪ ದಾಟಿ ಸೊರಬದ ಕಡೆ ಹೊರಟರೆ ದಾರಿಯುದ್ದಕ್ಕೂ ಬೆಳೆ ಬದಲಾಗುತ್ತದೆ. ಮೆಕ್ಕೆಜೋಳದ ಹೊಲ, ಭತ್ತದ ಬಯಲು ಹಿಂದೆ ಸರಿದು ಅಡಿಕೆ ತೋಟ, ಅನಾನಸ್ ಸಾಲು, ಕಾಡು ಎದುರಾಗುತ್ತವೆ. ಬೆಳೆಯ ಜೊತೆಗೆ ಹಿತ್ತಿಲ ಗೋಡೆಗೆ ಸಿಕ್ಕಿಸಿದ ಹತಾರಗಳೂ ಬೇರೆಯಾಗುತ್ತವೆ. ಅಲ್ಲಿ ಕುಡುಗೋಲು ಹೆಚ್ಚು, ಇಲ್ಲಿ ಕತ್ತಿ, ಅಡಿಕೆ ಸುಲಿಯುವ ಮೆಟ್ಟುಗತ್ತಿ ಹೆಚ್ಚು. ಎರಡೂ ತಾಲ್ಲೂಕಿನಲ್ಲಿ ಬದಲಾಗದೆ ಉಳಿದಿರುವುದು ಅಡುಗೆಮನೆಯ ಮೊಂಡು ಚಾಕು. ಕುಯಿಲಿಗೆ ಮುಂಚೆ ಕುಡುಗೋಲನ್ನು ತಪ್ಪದೆ ಕುಲುಮೆಗೆ ಒಯ್ಯುವ ಮನೆಯವರೇ, ದಿನಾ ಈರುಳ್ಳಿ ಹೆಚ್ಚುವ ಚಾಕನ್ನು ವರ್ಷಗಟ್ಟಲೆ ಹಾಗೇ ಬಿಟ್ಟಿರುತ್ತಾರೆ. ಕೊನೆಗೆ ಜಾತ್ರೆಯಲ್ಲೋ ಪಾತ್ರೆ ಅಂಗಡಿಯಲ್ಲೋ ಹೊಸದೊಂದು ಬರುತ್ತದೆ. ಹಳೆಯದು ಚಿಪ್ಪಿನಿಂದ ಕೊಬ್ಬರಿ ಎಬ್ಬಿಸುವ ಕೆಲಸಕ್ಕೆ ನೇಮಕವಾಗುತ್ತದೆ.

ಇತ್ತೀಚಿನ ವರ್ಷಗಳಲ್ಲಿ ಈ ಮೊಂಡುತನಕ್ಕೆ ಮದ್ದಾಗಿ ಬಂದಿರುವುದು ಅಂಗೈಯಗಲದ ಕೈ ಶಾರ್ಪನರ್. ಪ್ಲಾಸ್ಟಿಕ್ ಹಿಡಿಕೆ, ಮುಂದೆ ಎರಡೋ ಮೂರೋ ಸೀಳು. ಸೀಳಿನೊಳಗೆ ಚಾಕು ಇಟ್ಟು ಎಳೆದರಾಯಿತು. ಕರೆಂಟು ಬೇಡ, ನೀರು ಬೇಡ, ಕಲಿಯುವುದೂ ಹೆಚ್ಚಿಗೆ ಇಲ್ಲ. ಸಾಧಾರಣದ್ದು ಒಂದು ಕೆಜಿ ರಾಶಿ ಇಡಿ ಅಡಿಕೆಯ ಧಾರಣೆಯೊಳಗೇ ಸಿಗುತ್ತದೆ. ಒಳ್ಳೆಯ ಸಾಧನ, ಅನುಮಾನವಿಲ್ಲ. ಆದರೆ ಅದು ಮಾಡುವ ಕೆಲಸ ಯಾವುದು, ಮಾಡದ ಕೆಲಸ ಯಾವುದು ಎಂದು ತಿಳಿಯದೆ ತಂದವರ ಚಾಕು ಎರಡೇ ವರ್ಷದಲ್ಲಿ ಸವೆದು ಕಡ್ಡಿಯಾಗುತ್ತದೆ.

ಅಲಗನ್ನು ಹರಿತವಾಗಿಡುವುದರಲ್ಲಿ ಮೂರು ಬೇರೆ ಬೇರೆ ಕೆಲಸಗಳಿವೆ. ಹಣಿಸುವುದು, ಸಾಣೆ ಹಿಡಿಸುವುದು, ಮಸೆಯುವುದು. ಹಳ್ಳಿಯ ಹಿರಿಯರು ಇವನ್ನು ಎಂದೂ ಕಲಸಿಕೊಂಡವರಲ್ಲ. ವರ್ಷಕ್ಕೊಮ್ಮೆ ಮಾಡುವುದನ್ನು ವಾರಕ್ಕೊಮ್ಮೆ ಮಾಡಿದರೂ ಕೇಡು, ವಾರಕ್ಕೊಮ್ಮೆ ಮಾಡುವುದನ್ನು ವರ್ಷಕ್ಕೊಮ್ಮೆ ಮಾಡಿದರೂ ಕೇಡು.

ಹಣಿ ಕಮ್ಮಾರನದು. ಕತ್ತಿ ಸವೆದು ಬಾಯಿ ದಪ್ಪಗಾದಾಗ ಎಷ್ಟು ಮಸೆದರೂ ಹಿಡಿತ ಬರುವುದಿಲ್ಲ. ಕಮ್ಮಾರ ಅದನ್ನು ಇದ್ದಿಲ ಕೆಂಡದಲ್ಲಿ ಕೆಂಪಗೆ ಕಾಯಿಸಿ, ಇಕ್ಕಳದಲ್ಲಿ ಹಿಡಿದು, ಕಬ್ಬಿಣದ ದಿಮ್ಮಿಯ ಮೇಲಿಟ್ಟು ಬಾಯನ್ನು ತೆಳ್ಳಗೆ ಬಡಿಯುತ್ತಾನೆ. ಆಮೇಲಿನದು ನಿಂತು ನೋಡಬೇಕಾದ ಕೆಲಸ. ಮತ್ತೊಮ್ಮೆ ಕಾಯಿಸಿದ ಕತ್ತಿಯ ಬಾಯನ್ನಷ್ಟೇ ನೀರಿಗೆ ತಾಗಿಸುತ್ತಾನೆ. ಚುಸ್ಸೆಂದು ಆವಿ ಎದ್ದು ಬಾಯಿ ಗಡಸಾಗುತ್ತದೆ, ಬೆನ್ನು ಇನ್ನೂ ಬಿಸಿಯಾಗೇ ಇರುತ್ತದೆ. ಆ ಬಿಸಿ ನಿಧಾನವಾಗಿ ಬಾಯಿಯ ಕಡೆ ಹರಿದು ಬರುವಾಗ, ಉಜ್ಜಿ ಬೆಳ್ಳಗಾಗಿಸಿದ ಉಕ್ಕಿನ ಮೇಲೆ ಒಣಹುಲ್ಲಿನ ಬಣ್ಣ ಮೂಡುತ್ತದೆ. ಅಂದರೆ ಶಾಖ ಸುಮಾರು 220ರಿಂದ 230 ಡಿಗ್ರಿ ಸೆಲ್ಸಿಯಸ್. ಆ ಗಳಿಗೆಗೆ ಸರಿಯಾಗಿ ಪೂರ್ತಿ ಅದ್ದಿದರೆ ಹದ. ತಡಮಾಡಿ ಬಣ್ಣ ನೀಲಿಗೆ ತಿರುಗಿತೆಂದರೆ ಶಾಖ 300ರ ಹತ್ತಿರ ಹೋಗಿದೆ, ಬಾಯಿ ಮೆದುವಾಯಿತು ಎಂದರ್ಥ. ಥರ್ಮಾಮೀಟರ್ ಇಲ್ಲದ ಕುಲುಮೆಯಲ್ಲಿ ಇಷ್ಟೆಲ್ಲವನ್ನೂ ಕಣ್ಣೇ ಅಳೆಯುತ್ತದೆ. ಕುಲುಮೆ ಕತ್ತಲಾಗಿರುವುದೂ ಇದೇ ಕಾರಣಕ್ಕೆ. ಬಿಸಿಲಿನಲ್ಲಿ ಕಾದ ಕಬ್ಬಿಣದ ಬಣ್ಣ ತಿಳಿಯುವುದಿಲ್ಲ.

ಭದ್ರಾವತಿಯ ಕಬ್ಬಿಣದ ಕಾರ್ಖಾನೆ 1923ರಲ್ಲಿ ಕೆಲಸ ಶುರುಮಾಡಿದ್ದು ಇದೇ ಶಿವಮೊಗ್ಗ ಜಿಲ್ಲೆಯಲ್ಲಿ. ಆದರೂ ಇವತ್ತು ಕತ್ತಿಗೆಂದು ಕಮ್ಮಾರ ಹುಡುಕುವುದು ಗುಜರಿಯ ಲಾರಿ ಪಟ್ಟಿಯನ್ನು. ಲಾರಿಯ ಭಾರ ಹೊತ್ತು ಬಾಗಿ ಏಳುವ ಆ ಸ್ಪ್ರಿಂಗ್ ಪಟ್ಟಿಯಲ್ಲಿ ಇಂಗಾಲದ ಪ್ರಮಾಣ ಶೇಕಡಾ 0.5ರಿಂದ 0.6ರಷ್ಟಿರುತ್ತದೆ. ನೀರು ಕಂಡರೆ ಗಡಸಾಗಲು ಇಷ್ಟು ಸಾಕು, ಕಲ್ಲಿಗೆ ತಾಗಿದಾಗ ಚಕ್ಕೆ ಏಳದಷ್ಟು ಜಿಗುಟೂ ಉಳಿಯುತ್ತದೆ. ಕಟ್ಟಡದ ಸರಳಿನಲ್ಲಿ ಮಾಡಿದ ಕತ್ತಿ ನೋಡಲು ಹಾಗೇ ಇದ್ದರೂ ಬಾಯಿ ನಿಲ್ಲುವುದಿಲ್ಲ.

ಸಾಣೆ ಎಂದರೆ ತಿರುಗುವ ಕಲ್ಲು. ಸೈಕಲ್ಲಿನ ಸ್ಟ್ಯಾಂಡು ಹಾಕಿ, ಹಿಂದುಮುಂದಾಗಿ ಕೂತು ಪೆಡಲ್ ತುಳಿಯುತ್ತ, ಚಾಕು ಕತ್ರಿ ಸಾಣೇ ಎಂದು ಕೂಗುವವರನ್ನು ಪೇಟೆಯ ಬೀದಿಗಳಲ್ಲಿ ಈಗಲೂ ಆಗೊಮ್ಮೆ ಈಗೊಮ್ಮೆ ಕಾಣಬಹುದು. ಖಡ್ಗಕ್ಕೆ ಹೊಳಪು ಕೊಡುವುದನ್ನೇ ಕುಲಕಸುಬಾಗಿಸಿಕೊಂಡಿದ್ದ ಸಿಕ್ಲಿಗಾರರೆಂಬ ಜನ ಉತ್ತರ ಭಾರತದಿಂದ ದಖ್ಖನ್‌ವರೆಗೂ ಇದ್ದಾರೆ. ಖಡ್ಗದ ಕಾಲ ಮುಗಿದ ಮೇಲೆ ಈ ಕಸುಬು ಕತ್ತರಿ, ಚಾಕಿಗೆ ಇಳಿಯಿತು. ಶಿಕಾರಿಪುರ ತಾಲ್ಲೂಕಿನ ತಾಳಗುಂದದ ಸ್ತಂಭ ಶಾಸನ, ದರ್ಭೆ ಹಿಡಿಯುತ್ತಿದ್ದ ಕೈಯಲ್ಲಿ ಮಯೂರಶರ್ಮ ಖಡ್ಗ ಹಿಡಿದ ಸಂಗತಿಯನ್ನು ಹೇಳುತ್ತದೆ. ಸೊರಬದ ಊರೂರಿನ ವೀರಗಲ್ಲುಗಳಲ್ಲೂ ಎತ್ತಿದ ಕತ್ತಿಗಳೇ. ಅವನ್ನೆಲ್ಲ ಹರಿತ ಮಾಡಿಕೊಟ್ಟವರ ಸುದ್ದಿ ಹುಡುಕಲು ಹೋಗಬೇಡಿ, ಸಿಗದು.

ಸಾಣೆಯಲ್ಲಿ ಒಂದು ಅಪಾಯವಿದೆ. ಹಾರುವ ಕಿಡಿಗಳು ಚಾಕಿನದೇ ಕಣಗಳು. ಮೋಟಾರಿನ ಕಲ್ಲಿಗೆ ಒತ್ತಿ ಹಿಡಿದರೆ ಬಾಯಿಯ ಅಂಚು ಕ್ಷಣಾರ್ಧದಲ್ಲಿ ಕಾದು ನೀಲಿಯಾಗುತ್ತದೆ. ಕಮ್ಮಾರ ಕಣ್ಣಿಟ್ಟು ಕೂರಿಸಿದ ಹದ ಅಲ್ಲಿಗೆ ಹೋಯಿತು. ಆದ್ದರಿಂದ ಸಾಣೆಯವರಿಗೆ ಕೊಟ್ಟಾಗ ನಡುನಡುವೆ ನೀರಿಗೆ ಅದ್ದಿ ಹಿಡಿಯುತ್ತಾರೋ ಇಲ್ಲವೋ ನೋಡಿಕೊಳ್ಳಿ. ಅದ್ದದಿದ್ದರೆ ಕೇಳಿ, ಸಂಕೋಚ ಬೇಡ.

ಮಸೆಯುವುದು ಮಾತ್ರ ಮನೆಯ ಕೆಲಸ. ಬಾವಿಕಟ್ಟೆಯ ಅಂಚು, ಬಟ್ಟೆ ಒಗೆಯುವ ಕಲ್ಲು, ಹಿತ್ತಿಲ ಮೆಟ್ಟಿಲು ಎಲ್ಲವೂ ಮಸೆಗಲ್ಲುಗಳೇ ಆಗಿದ್ದವು. ಹಳೆಯ ಮನೆಗಳಲ್ಲಿ ಇಂಥ ಕಲ್ಲಿನ ನಡುವೆ ತಗ್ಗು ಬಿದ್ದಿರುವುದನ್ನು ಇಂದಿಗೂ ನೋಡಬಹುದು. ಮಲೆನಾಡಿನ ಕೆಲವೆಡೆ ಮರದ ಹಲಗೆಯ ಮೇಲೆ ಬೆಣಚುಕಲ್ಲಿನ ಪುಡಿ ಉದುರಿಸಿ ಕತ್ತಿ ಮಸೆಯುತ್ತಿದ್ದರು. ಗಡಸುತನದ ಮೋಸ್ ಮಾಪನದಲ್ಲಿ ಬೆಣಚು 7ರಲ್ಲಿದೆ, ಹದ ಹಾಕಿದ ಉಕ್ಕು ಅದಕ್ಕಿಂತ ತುಸು ಕೆಳಗೆ. ಹೀಗಾಗಿ ಪುಡಿ ಉಕ್ಕನ್ನು ಕೆರೆಯುತ್ತದೆ, ಆದರೆ ಮೆತ್ತಗೆ. ಇಂದು ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುವ ಕಾರ್ಬೊರಂಡಂ ಕಲ್ಲು ಇದಕ್ಕಿಂತ ಬಹಳ ಗಡಸು, 9ಕ್ಕೂ ಮೇಲೆ. ಎಡ್ವರ್ಡ್ ಅಚೆಸನ್ ಎಂಬ ಅಮೆರಿಕನ್ 1891ರಲ್ಲಿ ವಜ್ರ ಮಾಡಲು ಹೊರಟಾಗ ಕುಲುಮೆಯಲ್ಲಿ ಸಿಕ್ಕ ವಸ್ತು ಅದು. ವಜ್ರ ಸಿಗಲಿಲ್ಲ, ಅಡುಗೆಮನೆಗೆ ಉಪಕಾರವಾಯಿತು.

ಈಗ ಶಾರ್ಪನರಿನ ಒಳಗೆ ಇಣುಕೋಣ. ಮೊದಲ ಸೀಳಿನಲ್ಲಿ ಟಂಗ್‌ಸ್ಟನ್ ಕಾರ್ಬೈಡಿನ ಎರಡು ಸಣ್ಣ ಬಿಲ್ಲೆಗಳು ಕತ್ತರಿಯಂತೆ ಅಡ್ಡಡ್ಡ ನಿಂತಿರುತ್ತವೆ. ಚಾಕು ಎಳೆದಾಗ ಇವು ಎರಡೂ ಬದಿಯಿಂದ ಉಕ್ಕನ್ನು ಹೆರೆಯುತ್ತವೆ. ಎಳೆದ ಮೇಲೆ ಸೀಳಿನ ಕೆಳಗೆ ಬಿಳಿ ಕಾಗದ ಹಿಡಿದು ತಟ್ಟಿ ನೋಡಿ, ಕೂದಲಿನಂಥ ಸುರುಳಿಗಳು ಉದುರುತ್ತವೆ. ಅದು ನಿಮ್ಮ ಚಾಕು! ಎರಡನೆಯ ಸೀಳಿನಲ್ಲಿರುವುದು ಪಿಂಗಾಣಿಯ ಕಡ್ಡಿಗಳು. ಇವು ಹೆರೆಯುವುದಕ್ಕಿಂತ ಹೆಚ್ಚಾಗಿ ನಯ ಮಾಡುತ್ತವೆ. ಅಂದರೆ ಒರಟು ಸೀಳು ಮಾಡುವುದು ಸಾಣೆಯ ಕೆಲಸ, ನಯ ಸೀಳು ಮಾಡುವುದು ಮಸೆಯ ಕೆಲಸ. ಜನ ಎಡವುವುದು ಇಲ್ಲೇ. ಎಳೆದ ತಕ್ಷಣ ಕರಕರ ಎಂದು ಫಲ ತೋರಿಸುವ ಒರಟು ಸೀಳಿನಲ್ಲೇ ದಿನಾ ಹಿಂದಕ್ಕೂ ಮುಂದಕ್ಕೂ ಗರಗಸ ಆಡಿಸುತ್ತಾರೆ. ಸಾಣೆಯನ್ನು ಮಸೆಯಂತೆ ಬಳಸಿದರೆ ಯಾವ ಚಾಕು ತಾನೇ ಉಳಿದೀತು?

ಸರಿಯಾದ ಬಳಕೆ ಹೀಗೆ. ಶಾರ್ಪನರನ್ನು ಕಟ್ಟೆಯ ಅಂಚಿನ ಮೇಲಿಟ್ಟು ಎಡಗೈಯಲ್ಲಿ ಒತ್ತಿ ಹಿಡಿಯಿರಿ, ಅಡಿಯಲ್ಲಿ ಒದ್ದೆ ಬಟ್ಟೆ ಇದ್ದರೆ ಜಾರದು. ಚಾಕಿನ ಹಿಡಿಯ ಕಡೆಯ ತುದಿಯನ್ನು ಸೀಳಿಗಿಟ್ಟು, ಚಾಕಿನ ಭಾರದ ಮೇಲೆ ಒಂಚೂರಷ್ಟೇ ಒತ್ತಡ ಸೇರಿಸಿ, ಮೊನೆಯವರೆಗೆ ನೆಟ್ಟಗೆ ನಿಮ್ಮ ಕಡೆ ಎಳೆಯಿರಿ. ಎತ್ತಿ ಮತ್ತೆ ಮೊದಲಿನಿಂದ. ಪೂರ್ತಿ ಮೊಂಡಾಗಿದ್ದರೆ ಒರಟು ಸೀಳಿನಲ್ಲಿ ನಾಲ್ಕೈದು ಸಲ, ಆಮೇಲೆ ನಯ ಸೀಳಿನಲ್ಲಿ ಎಂಟು ಹತ್ತು ಸಲ. ವಾರದ ಆರೈಕೆಗೆ ನಯ ಸೀಳೊಂದೇ ಸಾಕು. ಮುಗಿದ ಮೇಲೆ ಚಾಕನ್ನು ತೊಳೆದು ಒರೆಸದೆ ತರಕಾರಿಗೆ ಹಾಕಬೇಡಿ, ಉಕ್ಕಿನ ಪುಡಿ ಪಲ್ಯಕ್ಕೆ ಹೋಗುತ್ತದೆ. ಹಲ್ಲಿರುವ ಬ್ರೆಡ್ ಚಾಕು, ಕತ್ತರಿ, ಪಿಂಗಾಣಿ ಚಾಕು ಈ ಸೀಳಿಗೆ ಸೇರಿದವಲ್ಲ. ಕಮ್ಮಾರ ಮಾಡಿದ ದಪ್ಪ ಕತ್ತಿಯಂತೂ ಅಲ್ಲವೇ ಅಲ್ಲ.

ಸ್ಟೀಲ್ ಚಾಕಿಗೆ ಈ ಉಪಚಾರ ಒಗ್ಗುವುದಕ್ಕೆ ಕಾರಣವಿದೆ. ತುಕ್ಕು ಹಿಡಿಯದಿರಲೆಂದು ಅದರಲ್ಲಿ ಶೇಕಡಾ 10.5ಕ್ಕಿಂತ ಹೆಚ್ಚು ಕ್ರೋಮಿಯಂ ಇರುತ್ತದೆ. ಅಗ್ಗದ ಚಾಕುಗಳನ್ನು ಹೆಚ್ಚು ಗಡಸು ಮಾಡಿರುವುದಿಲ್ಲ. ಅವುಗಳ ಬಾಯಿ ಸವೆಯುವುದಕ್ಕಿಂತ ಮೊದಲು ಮಡಿಚಿಕೊಳ್ಳುತ್ತದೆ. ಮಡಿಚಿದ್ದನ್ನು ನೆಟ್ಟಗೆ ಮಾಡಿದರೆ ಸಾಕು, ಹೆರೆಯಬೇಕಿಲ್ಲ. ಶಾರ್ಪನರೂ ಇಲ್ಲದಿದ್ದರೆ ಪಿಂಗಾಣಿ ಕಪ್ಪನ್ನು ಬೋರಲು ಹಾಕಿ, ಅಡಿಯಲ್ಲಿ ಹೊಳಪು ಬಳಿಯದೆ ಬಿಟ್ಟ ಒರಟು ಬಳೆಯ ಮೇಲೆ ಎರಡೂ ಬದಿ ನಾಲ್ಕು ನಾಲ್ಕು ಸಲ ಎಳೆದು ನೋಡಿ. ಅವತ್ತಿನ ಅಡುಗೆ ನಡೆಯುತ್ತದೆ.

ಆದರೂ ಕಲ್ಲಿಗೆ ಕಲ್ಲೇ ಸಾಟಿ ಎಂಬುದು ನನ್ನ ಮತ. ಕಲ್ಲಿನ ಮೇಲೆ ಕಷ್ಟವಾಗುವುದು ಕೋನ ಒಂದೇ. ಅಲಗು ನಾಲ್ಕು ಸೆಂಟಿಮೀಟರ್ ಅಗಲವಿದ್ದರೆ ಬೆನ್ನು ಕಲ್ಲಿನಿಂದ ಒಂದು ಸೆಂಟಿಮೀಟರ್ ಎದ್ದಾಗ 15 ಡಿಗ್ರಿ, ಒಂದರ ಮೇಲೊಂದಿಟ್ಟ ಎರಡು ಪೆನ್ಸಿಲ್‌ಗಳಷ್ಟು ಎದ್ದಾಗ 20 ಡಿಗ್ರಿ. ತರಕಾರಿಗೆ ಈ ಎರಡರ ನಡುವೆ ಎಲ್ಲಿದ್ದರೂ ನಡೆಯುತ್ತದೆ, ಆದರೆ ಶುರುವಿನಿಂದ ಕೊನೆಯವರೆಗೆ ಅದೇ ಇರಬೇಕು. ಕಲ್ಲು ನೆನೆದಿರಲಿ. ಒಂದು ಬದಿ ಮಸೆಯುತ್ತ ಹೋದಂತೆ ಆಚೆ ಬದಿಯಲ್ಲಿ ಸಣ್ಣ ತರಿ ಏಳುತ್ತದೆ. ಹೆಬ್ಬೆರಳನ್ನು ಬಾಯಿಗೆ ಅಡ್ಡವಾಗಿ, ಬೆನ್ನಿನಿಂದ ಹೊರಕ್ಕೆ ಸವರಿದರೆ ಅದು ತಾಗುತ್ತದೆ. ಬಾಯಿಯ ಉದ್ದಕ್ಕೆ ಮಾತ್ರ ಬೆರಳು ಎಳೆಯಬೇಡಿ. ತರಿ ಎದ್ದಿತೆಂದರೆ ಆ ಬದಿ ಆಯಿತು, ತಿರುಗಿಸಿ. ಕೊನೆಯಲ್ಲಿ ಹಳೆಯ ಚರ್ಮದ ಬೆಲ್ಟಿನ ಒಳಮೈ ಮೇಲೆ, ಕ್ಷೌರಿಕರು ಕತ್ತಿಗೆ ಮಾಡುತ್ತಿದ್ದ ಹಾಗೆ, ಬೆನ್ನು ಮುಂದಾಗಿ ಸವರಿದರೆ ತರಿ ಉದುರಿಹೋಗುತ್ತದೆ.

ಹರಿತದ ಪರೀಕ್ಷೆಗೆ ಕಾಗದ ಸೀಳಿ ನೋಡುವುದು ವಾಡಿಕೆ. ಮಲೆನಾಡಿನವರಿಗೆ ಬಾಳೆದಿಂಡು ಅದಕ್ಕಿಂತ ಒಳ್ಳೆಯ ಪರೀಕ್ಷೆ. ದಿಂಡನ್ನು ಬಿಲ್ಲೆಯಾಗಿ ಹೆಚ್ಚುವಾಗ ಹರಿತ ಚಾಕು ನಾರನ್ನು ಕಡಿದು, ಬಿಲ್ಲೆ ಬಿಲ್ಲೆಗೂ ಸಣ್ಣ ಎಳೆ ಉಳಿಸುತ್ತದೆ. ಅದನ್ನು ಬೆರಳಿಗೆ ಸುತ್ತಿ ತೆಗೆದರಾಯಿತು. ಮೊಂಡು ಚಾಕು ನಾರನ್ನು ಕಡಿಯದೆ ಎಳೆದಾಡುತ್ತದೆ, ಬಿಲ್ಲೆ ಮುದ್ದೆಯಾಗಿ ನೀರು ಬಿಡುತ್ತದೆ. ಮಳೆಗಾಲದ ಕಳಲೆಯನ್ನು ತೆಳ್ಳಗೆ ಹೆಚ್ಚುವಾಗಲೂ ಇದೇ ಕಥೆ. ಹಲಸಿನಕಾಯಿಗೆ ಮುಂಚೆ ಅಲಗಿಗೆ ಎಣ್ಣೆ ಸವರುವುದು ಎಲ್ಲರಿಗೂ ಗೊತ್ತು. ಮೇಣ ಅಂಟಿದ ಚಾಕನ್ನು ಮಸೆಗಲ್ಲಿಗೆ ತಾಗಿಸಿದರೆ ಕಲ್ಲಿನ ಕಣ್ಣು ಮುಚ್ಚಿಹೋಗುತ್ತದೆ ಎಂಬುದು ಕೆಲವರಿಗೆ ಗೊತ್ತಿಲ್ಲ.

ಈರುಳ್ಳಿಯ ಕಣ್ಣೀರಿಗೂ ಚಾಕಿಗೂ ನಂಟಿದೆ. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಸಂಶೋಧಕರು ಈರುಳ್ಳಿ ಕತ್ತರಿಸುವುದನ್ನು ಅತಿವೇಗದ ಕ್ಯಾಮೆರಾದಲ್ಲಿ ಸೆರೆಹಿಡಿದು 2025ರಲ್ಲಿ ಫಲಿತಾಂಶ ಪ್ರಕಟಿಸಿದರು. ಮೊಂಡು ಅಲಗು ಪದರವನ್ನು ಮೊದಲು ಒತ್ತಿ ಬಗ್ಗಿಸುತ್ತದೆ, ಒತ್ತಡ ತಾಳದೆ ಪದರ ಒಡೆದಾಗ ರಸದ ಹನಿಗಳು ಸಿಡಿದು ಮೇಲೇಳುತ್ತವೆ. ಹರಿತ ಅಲಗಿನಿಂದ ನಿಧಾನವಾಗಿ ಹೆಚ್ಚಿದರೆ ಹನಿಗಳೂ ಕಡಿಮೆ, ಅವುಗಳ ವೇಗವೂ ಕಡಿಮೆ.

ಈಳಿಗೆಮಣೆಯ ವಿಚಾರ ಬೇರೆ. ಅಲ್ಲಿ ಅಲಗು ಸ್ಥಿರ, ತರಕಾರಿ ಅದರತ್ತ ಹೋಗುತ್ತದೆ. ಮಸೆಯುವಾಗಲೂ ಕಲ್ಲೇ ಅಲಗಿನ ಬಳಿ ಬರಬೇಕು. ಮಣೆಯನ್ನು ಕಾಲಿನಲ್ಲಿ ಒತ್ತಿಕೊಂಡು, ಸಣ್ಣ ಕಲ್ಲಿನ ತುಂಡನ್ನು ಬಾಯಿಯ ಬಾಗಿನ ಜೊತೆಗೇ ಸರಿಸುತ್ತ ಹೋಗಬೇಕು. ಸೊರಬ ಕಡೆಯ ಮೆಟ್ಟುಗತ್ತಿಗೂ ಇದೇ ಕ್ರಮ. ಅಡಿಕೆ ಸುಲಿತದ ರಾತ್ರಿಗಳಲ್ಲಿ ಸುಲಿದ ಅಳತೆಯ ಮೇಲೆ ಕೂಲಿ. ಕತ್ತಿ ಮೊಂಡಾದರೆ ಕೈ ನೋವು, ಕೂಲಿಯೂ ಖೋತಾ. ಹಾಗಾಗಿ ಸುಲಿಯುವ ಹೆಂಗಸರು ತಮ್ಮ ಕತ್ತಿಯ ಬಾಯಿಯ ಮೇಲೆ ಇಟ್ಟಿರುವ ನಿಗಾ ಅಡುಗೆಮನೆಯ ನಮ್ಮಂಥವರಿಗೆ ಬಾರದು. ಹಸಿ ಅಡಿಕೆಯ ಚೊಗರು ಕಬ್ಬಿಣವನ್ನು ಕಪ್ಪಾಗಿಸುತ್ತದೆ. ಹುಣಸೆಹಣ್ಣಿಗೆ ಬೂದಿ ಸೇರಿಸಿ ಉಜ್ಜಿ, ಒರೆಸಿ, ಕೊಬ್ಬರಿ ಎಣ್ಣೆ ಸವರಿಡುವುದು ಅದಕ್ಕೆ ಪರಿಹಾರ. ಆಷಾಢದ ಥಂಡಿಯಲ್ಲಿ ಎಣ್ಣೆ ಸವರದೆ ಬಿಟ್ಟ ಕಬ್ಬಿಣ ಬೆಳಗಾಗುವುದರೊಳಗೆ ತುಕ್ಕು ಹಿಡಿಯುತ್ತದೆ.

ಇದೇ ಸೀಮೆಯಲ್ಲಿ ಹರಿತದ ವಿದ್ಯೆಯನ್ನು ತುತ್ತತುದಿಗೆ ಒಯ್ದವರು ಸೊರಬ, ಸಾಗರದ ಗುಡಿಗಾರರು. ಶ್ರೀಗಂಧದ ಎಳೆ ಬಹಳ ಒತ್ತಾದದ್ದು. ಮೊಂಡು ಉಳಿ ತಾಗಿದರೆ ಎಳೆ ಕಡಿಯದೆ ಜಜ್ಜಿಹೋಗುತ್ತದೆ. ಬಳ್ಳಿ, ಎಲೆ, ದೇವರ ಕಣ್ಣುರೆಪ್ಪೆ ಕೆತ್ತುವ ಉಳಿಗಳಲ್ಲಿ ನೆಟ್ಟಗಿನ ಬಾಯಿ, ಬಾಗಿದ ಬಾಯಿ, ಗಿಣಿಮೂಗಿನಂಥ ಬಾಯಿ, ಒಂದೊಂದಕ್ಕೂ ಮಸೆಯುವ ಬಗೆ ಬೇರೆ. ಕೆತ್ತುವ ಹೊತ್ತಿನಲ್ಲಿ ಮಸೆಯುವ ಹೊತ್ತೂ ಸೇರಿಯೇ ಇರುತ್ತದೆ. ಅದನ್ನು ಅವರು ಬೇರೆ ಕೆಲಸವೆಂದು ಎಣಿಸುವುದಿಲ್ಲ.

ಅಡುಗೆಮನೆಗೆ ಅಷ್ಟೆಲ್ಲ ಬೇಡ. ಸ್ಟೀಲ್ ಚಾಕಿಗೆ ವಾರಕ್ಕೊಮ್ಮೆ ಶಾರ್ಪನರಿನ ನಯ ಸೀಳು, ಎರಡು ಮೂರು ತಿಂಗಳಿಗೊಮ್ಮೆ ಕಲ್ಲು. ಈಳಿಗೆಗೆ ಕಲ್ಲು ಮಾತ್ರ. ಕತ್ತಿ, ಕುಡುಗೋಲುಗಳನ್ನು ಆಯುಧಪೂಜೆಗೆ ತೊಳೆಯಲು ತೆಗೆದಾಗ ಬಾಯಿ ನೋಡಿ, ದಪ್ಪಗಾಗಿದ್ದರೆ ಪೂಜೆ ಮುಗಿದ ವಾರದಲ್ಲೇ ಕುಲುಮೆಗೆ ಕೊಟ್ಟುಬಿಡಿ. ಕೊಯ್ಲು ಶುರುವಾದ ಮೇಲೆ ಊರಿನವರೆಲ್ಲ ಒಟ್ಟಿಗೆ ಹೋಗುತ್ತಾರೆ, ಕಮ್ಮಾರನಿಗೆ ಹದ ನೋಡುವಷ್ಟು ಪುರುಸೊತ್ತು ಇರುವುದಿಲ್ಲ.