ಜಾತ್ರೆಯ ಸಂದಣಿಯಲ್ಲಿ ನಿಲ್ಲದ ವಿಡಿಯೊ

ಇಂಟರ್ನೆಟ್‌ನಲ್ಲಿ ಹರಿಯುವ ವಿಡಿಯೊದ ಗುಣಮಟ್ಟವನ್ನು ಆಯಾ ಕ್ಷಣದ ವೇಗಕ್ಕೆ ತಕ್ಕಂತೆ ತಂತ್ರಾಂಶವೇ ಏರಿಳಿಸುವ ವಿಧಾನಕ್ಕೆ ಹೊಂದಾಣಿಕೆಯ ಪ್ರಸಾರ ಎನ್ನಬಹುದು. ಚಿತ್ರ ತುಸು ಮಸುಕಾದರೂ ನಿಲ್ಲಬಾರದು, ಧ್ವನಿಯಂತೂ ಕಡಿಯಲೇಬಾರದು ಎಂಬುದು ಇದರ ಗುರಿ.

ಇದರ ಅಗತ್ಯ ಎದ್ದು ಕಾಣುವುದು ಜನ ಸೇರಿದಾಗ. ನಂಜನಗೂಡಿನ ದೊಡ್ಡ ಜಾತ್ರೆಯಲ್ಲಿ ಶ್ರೀಕಂಠೇಶ್ವರನ ತೇರಿನೊಡನೆ ಗಣಪತಿ, ಪಾರ್ವತಿ, ಸುಬ್ರಹ್ಮಣ್ಯ, ಚಂಡಿಕೇಶ್ವರರ ತೇರುಗಳೂ ರಥಬೀದಿಗೆ ಬರುತ್ತವೆ. ತಿ. ನರಸೀಪುರದ ತ್ರಿವೇಣಿ ಸಂಗಮದಲ್ಲಿ 1989ರಿಂದ ಕುಂಭಮೇಳ ನಡೆದುಬಂದಿದೆ. 2025ರಲ್ಲಿ ಅದು ಫೆಬ್ರವರಿ 10ರಿಂದ 12ರವರೆಗೆ ನಡೆಯಿತು. ಒಂದು ಮೊಬೈಲ್ ಟವರಿನ ಒಟ್ಟು ಸಾಮರ್ಥ್ಯವನ್ನು ಅದರ ವ್ಯಾಪ್ತಿಯ ಫೋನ್‌ಗಳೆಲ್ಲ ಹಂಚಿಕೊಳ್ಳುತ್ತವೆ. ಹಾಗಾಗಿ ಇಂಥ ದಿನಗಳಲ್ಲಿ ಸಿಗ್ನಲ್ ಪೂರ್ತಿ ತೋರಿಸುತ್ತಿದ್ದರೂ ಒಂದೊಂದು ಫೋನಿನ ಪಾಲಿಗೆ ಬರುವ ವೇಗ ಕುಸಿಯುತ್ತದೆ, ಕ್ಷಣಕ್ಷಣಕ್ಕೂ ಬದಲಾಗುತ್ತದೆ.

ಪರಿಹಾರದ ಮೂಲ ಉಪಾಯ ಸರಳ. ಒಂದೇ ವಿಡಿಯೊವನ್ನು ಹಲವು ಮಟ್ಟಗಳಲ್ಲಿ ಸಿದ್ಧಪಡಿಸಿ, ಪ್ರತಿಯೊಂದನ್ನೂ ಕೆಲವೇ ಸೆಕೆಂಡುಗಳ ತುಣುಕುಗಳಾಗಿ ಸರ್ವರ್‌ನಲ್ಲಿ ಇಡಲಾಗುತ್ತದೆ. ನೋಡುಗರ ಫೋನಿನಲ್ಲಿರುವ ಪ್ಲೇಯರ್ ಪ್ರತಿ ತುಣುಕು ಬರಲು ಹಿಡಿದ ಸಮಯವನ್ನು ಅಳೆದು, ಮುಂದಿನದನ್ನು ಯಾವ ಮಟ್ಟದಲ್ಲಿ ಕೇಳಬೇಕೆಂದು ತಾನೇ ನಿರ್ಧರಿಸುತ್ತದೆ. 2009ರಲ್ಲಿ ಆ್ಯಪಲ್ ತಂದ ಎಚ್‌ಎಲ್‌ಎಸ್, 2012ರಲ್ಲಿ ಅಂತರರಾಷ್ಟ್ರೀಯ ಮಾನಕವಾಗಿ ಪ್ರಕಟವಾದ ಡ್ಯಾಶ್ ಎರಡೂ ಈ ಬಗೆಯವೇ.

ಅಳೆದ ವೇಗವನ್ನಷ್ಟೇ ನಂಬಿದರೆ ಎಡವಟ್ಟಾಗುತ್ತದೆ. ಒಂದು ತುಣುಕು ಬೇಗ ಬಂತೆಂದು ಮೇಲಿನ ಮಟ್ಟಕ್ಕೆ ಹಾರಿ, ಮರುಗಳಿಗೆ ಕೆಳಗೆ ಬೀಳುವ ಪ್ಲೇಯರ್ ನೋಡುಗರ ಕಣ್ಣಿಗೆ ಹಿಂಸೆ. ಅದಕ್ಕೇ ಮುಂಗಡವಾಗಿ ತಂದಿಟ್ಟುಕೊಂಡ ತುಣುಕುಗಳ ಸಂಗ್ರಹ, ಅಂದರೆ ಬಫರ್, ಮುಖ್ಯವಾಗುತ್ತದೆ. ಕಬಿನಿ ಜಲಾಶಯಕ್ಕೆ ವಯನಾಡಿನಿಂದ ಬರುವ ಒಳಹರಿವು ದಿನಕ್ಕೊಂದು ಬಗೆಯಾದರೂ ನಾಲೆಗೆ ಒಂದೇ ಹದದಲ್ಲಿ ನೀರು ಬಿಡುವಂತೆ, ಬಫರ್ ಜಾಲದ ಏರುಪೇರನ್ನು ತಾನು ನುಂಗಿಕೊಂಡು ಪರದೆಗೆ ಚಿತ್ರವನ್ನು ಸಮನಾಗಿ ಕೊಡುತ್ತದೆ. ವೇಗದ ಅಂದಾಜಿಗಿಂತ ಬಫರಿನ ಮಟ್ಟವನ್ನೇ ನೋಡಿ ಗುಣಮಟ್ಟ ಆರಿಸುವ ವಿಧಾನವನ್ನು ಸ್ಟ್ಯಾನ್‌ಫರ್ಡ್ ಮತ್ತು ನೆಟ್‌ಫ್ಲಿಕ್ಸ್‌ನ ಸಂಶೋಧಕರು 2014ರಲ್ಲಿ ಪ್ರಕಟಿಸಿದರು. ಸಂಗ್ರಹ ತೆಳುವಾದರೆ ತಡಮಾಡದೆ ಇಳಿಯುವುದು, ತುಂಬಿದ ಮೇಲಷ್ಟೇ ನಿಧಾನವಾಗಿ ಏರುವುದು ಒಳ್ಳೆಯ ಪ್ಲೇಯರಿನ ನಡೆ.

ಈ ಸಂಗ್ರಹಕ್ಕೆ ಬೆಲೆಯೂ ಇದೆ. ಆರು ಸೆಕೆಂಡಿನ ಮೂರು ತುಣುಕುಗಳನ್ನು ಕೈಯಲ್ಲಿಟ್ಟುಕೊಂಡೇ ಶುರುಮಾಡುವ ಪ್ಲೇಯರಿನಲ್ಲಿ ತೇರು ಕದಲುವುದು ಕನಿಷ್ಠ 18 ಸೆಕೆಂಡು ತಡವಾಗಿ ಕಾಣುತ್ತದೆ. ದೂರದೂರಿನ ಭಕ್ತರಿಗೆ ಇದರಿಂದ ತೊಂದರೆಯೇನಿಲ್ಲ.

ನಿಜವಾದ ಕಷ್ಟ ಚಿತ್ರ ಕಳುಹಿಸುವ ಕಡೆ ಇದೆ. ಟವರಿನಿಂದ ಫೋನಿಗೆ ಇಳಿಯುವ ದಾರಿಗಿಂತ ಫೋನಿನಿಂದ ಟವರಿಗೆ ಏರುವ ದಾರಿ ಸಾಮಾನ್ಯವಾಗಿ ಕಿರಿದು. ರಥಬೀದಿಯಿಂದ ನೇರಪ್ರಸಾರ ಮಾಡುವ ತಂತ್ರಾಂಶ ಅಲ್ಲೇ, ಆಗಲೇ ಚಿತ್ರವನ್ನು ಕುಗ್ಗಿಸಬೇಕು. ಕುಗ್ಗಿಸುವ ಸಾಮಾನ್ಯ ವಿಧಾನಗಳು ಹಿಂದಿನ ಚೌಕಟ್ಟಿಗೂ (ಫ್ರೇಮ್) ಈಗಿನದಕ್ಕೂ ಇರುವ ವ್ಯತ್ಯಾಸವನ್ನೇ ಹೆಚ್ಚಾಗಿ ಕಳುಹಿಸುತ್ತವೆ. ಕದಲದ ಗೋಪುರಕ್ಕೆ ಇದು ಅಗ್ಗದ ಕೆಲಸ. ಸಾವಿರಾರು ತಲೆಗಳು, ತೂರಿಬರುವ ಹಣ್ಣು-ಜವನ, ಸಂಗಮದಲ್ಲಿ ಮುಳುಗೇಳುವವರ ಸುತ್ತ ಚಿಮ್ಮುವ ನೀರು ಬಂದೊಡನೆ ಲೆಕ್ಕ ತಪ್ಪುತ್ತದೆ: ಅದೇ ವೇಗದಲ್ಲಿ ಚಿತ್ರ ಚೌಕಚೌಕವಾಗಿ ಒಡೆಯುತ್ತದೆ. ಆಗ ಚಿತ್ರದ ಅಳತೆಯನ್ನು ಕಿರಿದು ಮಾಡಬೇಕೋ, ಸೆಕೆಂಡಿಗಿರುವ ಚೌಕಟ್ಟುಗಳನ್ನು ಇಳಿಸಬೇಕೋ ಎಂಬುದನ್ನು ದೃಶ್ಯ ನೋಡಿಯೇ ತೀರ್ಮಾನಿಸಬೇಕು. ಓಡುವ ತೇರಿಗೆ ಚೌಕಟ್ಟುಗಳು ಬೇಕು. ಗರ್ಭಗುಡಿಯ ಅಲಂಕಾರಕ್ಕೆ ವಿವರ ಬೇಕು.

ವಿಡಿಯೊ ಕರೆಯಲ್ಲಿ ತಡವಾಗಿ ತೋರಿಸುವ ಸೌಲಭ್ಯವೂ ಇಲ್ಲ. ಮಾತು ಒಂದು ಕಡೆಯಿಂದ ಇನ್ನೊಂದು ಕಡೆಗೆ ತಲುಪಲು 150 ಮಿಲಿಸೆಕೆಂಡಿಗಿಂತ ಹೆಚ್ಚು ಹಿಡಿದರೆ ಸಂಭಾಷಣೆ ತೊಡರತೊಡಗುತ್ತದೆ. ಸೆಕೆಂಡುಗಟ್ಟಲೆ ಬಫರ್ ಇಡುವಂತಿಲ್ಲ. ಆದ್ದರಿಂದ ಕಳುಹಿಸುವ ತಂತ್ರಾಂಶವು ಆಚೆ ಕಡೆಯಿಂದ ಬರುವ ವರದಿಯಲ್ಲಿ ದತ್ತಾಂಶದ ಎಷ್ಟು ಪೊಟ್ಟಣ (ಪ್ಯಾಕೆಟ್) ಕಳೆದುಹೋದವು, ಎಷ್ಟು ತಡವಾದವು ಎಂಬುದನ್ನು ನೋಡಿ ಚಿತ್ರವನ್ನು ತಗ್ಗಿಸುತ್ತದೆ. 2012ರಲ್ಲಿ ಮಾನಕವಾದ ಓಪಸ್ ಧ್ವನಿ ವಿಧಾನ ಸೆಕೆಂಡಿಗೆ 6ರಿಂದ 510 ಕಿಲೋಬಿಟ್‌ವರೆಗೆ ಹಿಗ್ಗಬಲ್ಲದು, ಕುಗ್ಗಬಲ್ಲದು. ಆದ್ದರಿಂದ ಜಾಲ ತೀರಾ ಕುಸಿದಾಗ ಚಿತ್ರವನ್ನು ಪೂರ್ತಿ ಬಿಟ್ಟು ಮಾತನ್ನಷ್ಟೇ ಉಳಿಸಿಕೊಳ್ಳಲಾಗುತ್ತದೆ.