ಆಸ್ಮೋಲಾರಿಟಿ

ಆಸ್ಮೋಲಾರಿಟಿ ಎಂಬುದು ಒಂದು ಲೀಟರ್ ದ್ರಾವಣದಲ್ಲಿ ಕರಗಿರುವ ಎಲ್ಲ ಕಣಗಳ ಒಟ್ಟು ಪ್ರಮಾಣವನ್ನು ತಿಳಿಸುವ ಅಳತೆ. ಇದರ ಮಾನ ಆಸ್ಮೋಲ್. ದೇಹದ್ರವಗಳ ವಿಷಯದಲ್ಲಿ ಅದರ ಸಾವಿರದ ಒಂದು ಭಾಗವಾದ ಮಿಲಿಆಸ್ಮೋಲ್ ಬಳಕೆಯಲ್ಲಿದೆ. ಅಭಿಸರಣದಲ್ಲಿ ನೀರು ಪೊರೆಯ ಯಾವ ಬದಿಗೆ ಸಾಗುವುದೆಂಬುದನ್ನು ನಿರ್ಧರಿಸುವುದು ಕಣಗಳ ಸಂಖ್ಯೆಯೇ ಹೊರತು ಅವುಗಳ ತೂಕವಲ್ಲ.

ಲೆಕ್ಕ ಮಾಡುವ ಕ್ರಮ

ಲೀಟರಿಗೆ ಎಷ್ಟು ಗ್ರಾಂ ಇದೆಯೆಂಬುದನ್ನು ವಸ್ತುವಿನ ಅಣುತೂಕದಿಂದ ಭಾಗಿಸಿದರೆ ಮೋಲ್‌ಗಳು ದೊರೆಯುತ್ತವೆ. ಒಂದು ಅಣು ನೀರಿನಲ್ಲಿ ಎಷ್ಟು ಕಣಗಳಾಗಿ ಒಡೆಯುತ್ತದೆಯೋ ಆ ಸಂಖ್ಯೆಯಿಂದ ಅದನ್ನು ಗುಣಿಸಬೇಕು. ಗ್ಲೂಕೋಸ್ ಒಡೆಯುವುದಿಲ್ಲ, ಆದ್ದರಿಂದ 1. ಅಡುಗೆ ಉಪ್ಪು ಸೋಡಿಯಂ ಮತ್ತು ಕ್ಲೋರೈಡ್ ಅಯಾನುಗಳಾಗುವುದರಿಂದ 2. ಟ್ರೈಸೋಡಿಯಂ ಸಿಟ್ರೇಟ್ ಮೂರು ಸೋಡಿಯಂ, ಒಂದು ಸಿಟ್ರೇಟ್ ಅಯಾನುಗಳನ್ನು ನೀಡುವುದರಿಂದ 4. ಕೊನೆಗೆ ಎಲ್ಲವನ್ನೂ ಕೂಡಿಸಬೇಕು.

ಉದಾಹರಣೆ: ಓ.ಆರ್.ಎಸ್. ದ್ರಾವಣ

ವಾಂತಿಭೇದಿಯಾದಾಗ ಕುಡಿಸುವ ಓ.ಆರ್.ಎಸ್. ದ್ರಾವಣದ ಒಂದು ಲೀಟರಿನಲ್ಲಿ ಸೋಡಿಯಂ ಕ್ಲೋರೈಡ್ 2.6 ಗ್ರಾಂ, ಗ್ಲೂಕೋಸ್ 13.5 ಗ್ರಾಂ, ಪೊಟ್ಯಾಸಿಯಂ ಕ್ಲೋರೈಡ್ 1.5 ಗ್ರಾಂ ಮತ್ತು ಟ್ರೈಸೋಡಿಯಂ ಸಿಟ್ರೇಟ್ 2.9 ಗ್ರಾಂ ಇರುತ್ತವೆ. ಇವುಗಳ ಅಣುತೂಕ ಕ್ರಮವಾಗಿ ಸುಮಾರು 58.5, 180, 74.5 ಮತ್ತು 294. ವಿದ್ಯಾರ್ಥಿಗಳು ಎಡವುವುದು ಈ ಕೊನೆಯದರಲ್ಲಿ: ಪೊಟ್ಟಣದಲ್ಲಿರುವ ಸಿಟ್ರೇಟ್ ಹರಳು ಎರಡು ನೀರಿನ ಅಣುಗಳನ್ನು ಹೊಂದಿದ್ದು, ಅವುಗಳ ತೂಕವನ್ನೂ ಸೇರಿಸಿಕೊಳ್ಳಬೇಕು.

ಭಾಗಿಸಿ ದುಂಡಾಗಿಸಿದಾಗ ಸೋಡಿಯಂ ಕ್ಲೋರೈಡ್ 45, ಗ್ಲೂಕೋಸ್ 75, ಪೊಟ್ಯಾಸಿಯಂ ಕ್ಲೋರೈಡ್ 20, ಸಿಟ್ರೇಟ್ 10 ಮಿಲಿಮೋಲ್ ಆಗುತ್ತವೆ. ಕಣಗಳ ಲೆಕ್ಕದಲ್ಲಿ 90 + 75 + 40 + 40 = 245 ಮಿಲಿಆಸ್ಮೋಲ್. ವಿಶ್ವ ಆರೋಗ್ಯ ಸಂಸ್ಥೆಯೂ ಯುನಿಸೆಫ್ ಸಂಸ್ಥೆಯೂ 2002ರಲ್ಲಿ ಶಿಫಾರಸು ಮಾಡಿದ ಸೂತ್ರ ಇದೇ. ಹಿಂದಿನ ಸೂತ್ರದ ಮೌಲ್ಯ 311 ಆಗಿತ್ತು. ಅದನ್ನು ತಗ್ಗಿಸಿದ ಮೇಲೆ ಮಕ್ಕಳಲ್ಲಿ ವಾಂತಿ ಕಡಿಮೆಯಾಯಿತು, ರಕ್ತನಾಳದ ಮೂಲಕ ದ್ರವ ಏರಿಸಬೇಕಾದ ಪ್ರಸಂಗಗಳೂ ಇಳಿದವು.

ನೀರಿನ ಅಳತೆ ತಪ್ಪಿದರೆ

ರಕ್ತದ್ರವದ ಮೌಲ್ಯ ಸಾಮಾನ್ಯವಾಗಿ 275ರಿಂದ 295ರವರೆಗೆ ಇರುತ್ತದೆ. ಒಂದು ಲೀಟರಿನ ಪೊಟ್ಟಣವನ್ನು ಅರ್ಧ ಲೀಟರ್ ನೀರಿಗೆ ಹಾಕಿದರೆ ದ್ರಾವಣದ ಮೌಲ್ಯ ಸುಮಾರು 490ಕ್ಕೆ ಏರುತ್ತದೆ. ಆಗ ದೇಹದ ನೀರೇ ಕರುಳಿನೊಳಕ್ಕೆ ಸೆಳೆಯಲ್ಪಟ್ಟು ಭೇದಿ ಹೆಚ್ಚಬಹುದು. ರಕ್ತದಲ್ಲಿ ಸೋಡಿಯಂ ಅಪಾಯಕರ ಮಟ್ಟಕ್ಕೆ ಏರಲೂಬಹುದು. ಎರಡು ಲೀಟರಿಗೆ ಬೆರೆಸಿದರೆ ದೇಹ ಕಳೆದುಕೊಂಡ ಲವಣ ತುಂಬಿಬರುವುದಿಲ್ಲ. 200 ಮಿಲಿಲೀಟರ್ ನೀರಿಗೆಂದೇ ತಯಾರಾದ ಚಿಕ್ಕ ಪೊಟ್ಟಣಗಳೂ ಮಾರುಕಟ್ಟೆಯಲ್ಲಿರುವುದರಿಂದ ಪೊಟ್ಟಣದ ಮೇಲಿನ ಅಳತೆಯನ್ನು ಓದಿಯೇ ಬೆರೆಸಬೇಕು.

ಲೆಕ್ಕದ ಮಿತಿ

ಉಪ್ಪಿನ ಅಯಾನುಗಳು ಪರಸ್ಪರ ಆಕರ್ಷಿಸುವುದರಿಂದ ಅವು ಸಂಪೂರ್ಣ ಸ್ವತಂತ್ರವಾಗಿ ವರ್ತಿಸುವುದಿಲ್ಲ. ಲೀಟರಿಗೆ 9 ಗ್ರಾಂ ಉಪ್ಪಿರುವ ಸಲೈನ್‌ಗೆ ಲೆಕ್ಕದಲ್ಲಿ 308 ಬಂದರೂ ಉಪಕರಣದಿಂದ ಅಳೆದಾಗ ಸುಮಾರು 286 ಸಿಗುತ್ತದೆ.