ಲೆಕ್ಕಕ್ಕೆ ಸಿಗದ ರೋಗಿಗಳ ಲೆಕ್ಕ

ವರ್ಷಾಂತ್ಯದಲ್ಲಿ ಲೆಕ್ಕಪುಸ್ತಕವನ್ನಷ್ಟೇ ನಂಬದೆ ಗೋದಾಮಿನ ದಾಸ್ತಾನನ್ನೂ ಎಣಿಸಿ ತಾಳೆ ನೋಡುವುದು ವರ್ತಕರ ರೂಢಿ. ದೀರ್ಘಕಾಲಿಕ ರೋಗಗಳ ಪ್ರಮಾಣವನ್ನು ಅರಿಯುವಲ್ಲಿಯೂ ಇದೇ ಎಚ್ಚರ ಅಗತ್ಯ. ಆಸ್ಪತ್ರೆಯ ದಾಖಲೆಗಳಲ್ಲಿ ಚಿಕಿತ್ಸೆಗೆ ಬಂದವರ ಹೆಸರು ಮಾತ್ರ ಇರುತ್ತದೆ. ಮಧುಮೇಹ, ಅಧಿಕ ರಕ್ತದೊತ್ತಡಗಳಾದರೋ ವರ್ಷಗಟ್ಟಲೆ ಯಾವ ಲಕ್ಷಣವನ್ನೂ ತೋರದೆ ಇರಬಲ್ಲವು. ಅಂತರರಾಷ್ಟ್ರೀಯ ಮಧುಮೇಹ ಒಕ್ಕೂಟದ 2021ರ ಅಂದಾಜಿನಂತೆ ವಿಶ್ವದಲ್ಲಿ ಮಧುಮೇಹವಿದ್ದ ವಯಸ್ಕರು 53.7 ಕೋಟಿ, ಅವರಲ್ಲಿ ಅರ್ಧಕ್ಕೆ ತುಸು ಕಡಿಮೆ ಮಂದಿಗೆ ತಮ್ಮ ರೋಗದ ಅರಿವೇ ಇರಲಿಲ್ಲ.

ಮನೆಬಾಗಿಲಿನ ಸಮೀಕ್ಷೆ

ಇಂತಹವರನ್ನೂ ಎಣಿಕೆಗೆ ತರಬೇಕಾದರೆ ರೋಗಿಗಳು ಬರುವವರೆಗೆ ಕಾಯದೆ, ಜನಸಮುದಾಯದಿಂದ ಮಾದರಿ ಆಯ್ದು, ರೋಗವಿಲ್ಲವೆಂದವರನ್ನೂ ಪರೀಕ್ಷಿಸಬೇಕು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನ ‘ಇಂಡಿಯಾಬ್’ ಅಧ್ಯಯನವು 2008ರಿಂದ 2020ರವರೆಗೆ 20 ವರ್ಷ ಮೇಲ್ಪಟ್ಟ 1,13,043 ಮಂದಿಯನ್ನು ಹೀಗೆ ಸಮೀಕ್ಷೆಗೆ ಒಳಪಡಿಸಿತು. 2023ರಲ್ಲಿ ಪ್ರಕಟವಾದ ಫಲಿತಾಂಶದಂತೆ ಶೇಕಡ 11.4ರಷ್ಟು ಮಂದಿಗೆ ಮಧುಮೇಹವೂ ಶೇಕಡ 35.5ರಷ್ಟು ಮಂದಿಗೆ ಅಧಿಕ ರಕ್ತದೊತ್ತಡವೂ ಇದ್ದವು.

ಪರೀಕ್ಷೆಯ ದೋಷ, ತಿದ್ದುಪಡಿ

ಯಾವ ಪರೀಕ್ಷೆಯೂ ದೋಷರಹಿತವಲ್ಲ. ಉದಾಹರಣೆಗೆ, 1,000 ಜನರಲ್ಲಿ ವಾಸ್ತವವಾಗಿ 100 ಮಂದಿಗೆ ರೋಗವಿದೆಯೆಂದು ಭಾವಿಸೋಣ. ಪರೀಕ್ಷೆಯು ರೋಗಿಗಳಲ್ಲಿ ಶೇಕಡ 80ರಷ್ಟು ಮಂದಿಯನ್ನು ಮಾತ್ರ ಗುರುತಿಸಿದರೆ 80 ಮಂದಿ ಸಿಗುತ್ತಾರೆ. ಆರೋಗ್ಯವಂತರಲ್ಲಿ ಶೇಕಡ 10ರಷ್ಟು ಮಂದಿಯನ್ನು ತಪ್ಪಾಗಿ ರೋಗಿಗಳೆಂದು ತೋರಿಸಿದರೆ ಇನ್ನೂ 90 ಮಂದಿ ಸೇರುತ್ತಾರೆ. ಒಟ್ಟು 170. ಕಂಡ ಪ್ರಮಾಣ ಶೇಕಡ 17, ನಿಜವಾದುದು ಶೇಕಡ 10. ಪರೀಕ್ಷೆಯ ದೋಷದ ಪ್ರಮಾಣ ತಿಳಿದಿದ್ದರೆ, ಕಂಡ ಅಂಕಿಯಿಂದ ನಿಜವಾದ ಅಂಕಿಯನ್ನು ಪಡೆಯಬಹುದು. ಇದಕ್ಕೆ ರೋಗನ್ ಮತ್ತು ಗ್ಲ್ಯಾಡೆನ್ 1978ರಲ್ಲಿ ನೀಡಿದ ಸೂತ್ರ ಇಂದಿಗೂ ಬಳಕೆಯಲ್ಲಿದೆ: ಕಂಡ ಶೇಕಡ 17ರಲ್ಲಿ ತಪ್ಪು ಗುರುತಿನ 10ನ್ನು ಕಳೆದು, ಉಳಿದ 7ನ್ನು 80 ಮತ್ತು 10ರ ವ್ಯತ್ಯಾಸವಾದ ಶೇಕಡ 70ರಿಂದ ಭಾಗಿಸಿದರೆ ಶೇಕಡ 10 ದೊರೆಯುತ್ತದೆ.

ಉದ್ದಿಮೆದಾರರು ಗಮನಿಸಬೇಕಾದುದು

ಕಾರ್ಖಾನೆಗಳಲ್ಲಿ ನಡೆಯುವ ಆರೋಗ್ಯ ಶಿಬಿರಗಳಿಗೂ ಈ ತತ್ತ್ವ ಅನ್ವಯಿಸುತ್ತದೆ. ಸ್ವಇಚ್ಛೆಯಿಂದ ಬಂದವರನ್ನು ಮಾತ್ರ ಪರೀಕ್ಷಿಸಿದರೆ ರಾತ್ರಿ ಪಾಳಿಯವರು, ಗುತ್ತಿಗೆ ಕಾರ್ಮಿಕರು, ಚಾಲಕರು ಹೊರಗುಳಿಯುತ್ತಾರೆ. ನೂರಾರು ಕಾರ್ಮಿಕರಿರುವಲ್ಲಿ ಗುತ್ತಿಗೆಯವರನ್ನೂ ಒಳಗೊಂಡ ಹಾಜರಿ ಪುಸ್ತಕದಿಂದ ಚೀಟಿ ಎತ್ತಿ ಹೆಸರುಗಳನ್ನು ಆಯ್ದರೆ ಅಂದಾಜು ವಾಸ್ತವಕ್ಕೆ ಸಮೀಪವಾಗುತ್ತದೆ. ಸಣ್ಣ ಘಟಕಗಳಲ್ಲಿ ಎಲ್ಲರನ್ನೂ ಪರೀಕ್ಷಿಸುವುದೇ ಲೇಸು. ಬೆರಳ ತುದಿಯ ರಕ್ತಪರೀಕ್ಷೆಯಲ್ಲಿ ಸಕ್ಕರೆ ಹೆಚ್ಚು ಕಂಡವರಿಗೆ ಪ್ರಯೋಗಾಲಯದಲ್ಲಿ ಮರುಪರೀಕ್ಷೆ ಆಗಲೇಬೇಕು.

ಎಲ್ಲಕ್ಕಿಂತ ಮುಖ್ಯವಾದುದು ಗೋಪ್ಯತೆ. ಫಲಿತಾಂಶವು ಕಾರ್ಮಿಕನ ಕೈಗೆ, ಒಟ್ಟು ಸಂಖ್ಯೆ ಮಾತ್ರ ಮಾಲೀಕರ ಕೈಗೆ ಸೇರಬೇಕು. ಕೆಲಸ ಹೋದೀತೆಂಬ ಭಯವಿರುವೆಡೆ ರೋಗವಿರುವವನೇ ಮೊದಲು ಪರೀಕ್ಷೆಯಿಂದ ದೂರ ಸರಿಯುತ್ತಾನೆ. ಆಗ ಲೆಕ್ಕವೂ ತಪ್ಪುತ್ತದೆ, ಸಕಾಲಿಕ ಚಿಕಿತ್ಸೆಯೂ ತಪ್ಪುತ್ತದೆ. ಕಣ್ಣು, ಮೂತ್ರಪಿಂಡ, ಹೃದಯಗಳಿಗೆ ಹಾನಿಯಾದ ಮೇಲೆ ತಿಳಿಯುವ ರೋಗದಿಂದ ಕುಟುಂಬಕ್ಕೂ ಉದ್ದಿಮೆಗೂ ಆಗುವ ನಷ್ಟ, ಇಂದಿನ ಪರೀಕ್ಷೆಯ ವೆಚ್ಚಕ್ಕಿಂತ ಬಹಳ ದೊಡ್ಡದು.